ಹಾಜರಿ ಪುಸ್ತಕದ ಹೆಸರು

ಕಲಕತ್ತೆಗೆ ವರ್ಗವಾಗಿ ಬರುವ ಕನ್ನಡಿಗರು ಹೌರಾ ಸೇತುವೆ ದಾಟುವುದರೊಳಗೆ ನಮ್ಮನ್ನು ಮೂರು ಪ್ರಶ್ನೆ ಕೇಳಿರುತ್ತಾರೆ. ಬಾಡಿಗೆ ಮನೆ ಎಲ್ಲಿ ಸಿಕ್ಕೀತು? ನಮ್ಮ ಕಡೆಯ ಅಕ್ಕಿ, ಕಾಫಿಪುಡಿ ಎಲ್ಲಿ ದೊರೆಯುತ್ತವೆ? ಮಕ್ಕಳನ್ನು ಯಾವ ಶಾಲೆಗೆ ಹಾಕಬೇಕು? ಮೊದಲೆರಡಕ್ಕೆ ಉತ್ತರ ಸುಲಭ. ಲೇಕ್ ಮಾರ್ಕೆಟ್ಟಿನ ಸುತ್ತಮುತ್ತ ಒಂದು ಸಂಜೆ ತಿರುಗಾಡಿದರೆ ದಕ್ಷಿಣದವರ ಅಂಗಡಿಗಳು ತಾವಾಗಿಯೇ ಕಾಣಿಸಿಕೊಳ್ಳುತ್ತವೆ, ಮನೆಯ ಸುಳಿವೂ ಅಲ್ಲಿಯೇ ಸಿಗುತ್ತದೆ. ಮೂರನೆಯದು ಸ್ವಲ್ಪ ಕಷ್ಟ. ಶುಲ್ಕವೆಷ್ಟು, ಬಸ್ಸು ಬರುತ್ತದೆಯೆ, ಎರಡನೆಯ ಭಾಷೆ ಯಾವುದು ಎಂದೆಲ್ಲ ವಿಚಾರಿಸುತ್ತಾರೆ. ಆದರೆ ನಮ್ಮ ಮಗುವಿನ ಎದುರು ದಿನಕ್ಕೆ ಐದಾರು ಗಂಟೆ ನಿಲ್ಲುವ ಉಪಾಧ್ಯಾಯರಿಗೆ ನಮ್ಮ ವಿಷಯ ಏನು ಗೊತ್ತು, ಅವರ ವಿಷಯ ನಮಗೆಷ್ಟು ಗೊತ್ತು ಎಂದು ಕೇಳಿದವರನ್ನು ನಾವು ಇಲ್ಲಿಗೆ ಬಂದ 2012ರಿಂದ ಈವರೆಗೆ ಕಂಡಿಲ್ಲ. ಈ ನಾಲ್ಕನೆಯ ಪ್ರಶ್ನೆಯ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕುಳಿತಿದ್ದೇವೆ.

‘ನಾವು’ ಎಂದು ಬರೆಯುವುದು ದೊಡ್ಡಸ್ತಿಕೆಗಾಗಿ ಅಲ್ಲ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಮೇಲ್ದರ್ಜೆ ಗುಮಾಸ್ತಿಕೆ ಮಾಡುವವನಿಗೆ ಅಂಥ ದೊಡ್ಡಸ್ತಿಕೆ ಒಗ್ಗುವುದೂ ಇಲ್ಲ. ಇದರಲ್ಲಿ ನಮ್ಮ ಮನೆಯವರ ಪಾಲು ನಮ್ಮದಕ್ಕಿಂತ ಹೆಚ್ಚಿದೆ, ಅದಕ್ಕಾಗಿ. ಇನ್ನು ಊರಿನ ಹೆಸರು 2001ರಿಂದ ಕೋಲ್ಕತಾ ಆಗಿದೆ. ಕಚೇರಿಯ ಕಾಗದದಲ್ಲಿ ಹಾಗೆಯೇ ಬರೆಯುತ್ತೇವೆ. ಹಾವೇರಿಯ ಕಡೆಯ ನಾಲಿಗೆಗೆ ಮಾತ್ರ ಅದು ಕಲಕತ್ತೆಯೇ. ಹೆಸರುಗಳ ಹಣೆಬರಹವೇ ಹೀಗೆ, ಕರೆಯುವವರ ನಾಲಿಗೆಯನ್ನು ಅವಲಂಬಿಸಿರುತ್ತದೆ. ಈ ಲೇಖನದ ಅರ್ಧ ಭಾಗ ಅದರ ಕಥೆಯೇ.

ನಮ್ಮ ಮಗನನ್ನು ಇಲ್ಲಿಯ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದಕ್ಕೆ ಎರಡನೆಯ ತರಗತಿಗೆ ಸೇರಿಸಿದಾಗ ಅವನಿಗೆ ಏಳು ವರ್ಷ. ಶಾಲೆಯ ಹೆಸರು ಬೇಡ. ಮಗನ ಹೆಸರನ್ನೂ ಬರೆಯುವುದಿಲ್ಲ, ಏಕೆಂದರೆ ಅವನೀಗ ಕಾಲೇಜಿನಲ್ಲಿದ್ದಾನೆ, ಈ ಪತ್ರಿಕೆ ಮನೆಗೆ ಬಂದರೆ ಮೊದಲು ಬಿಡಿಸುವವನು ಅವನೇ. ‘ವ’ಕಾರದಿಂದ ಆರಂಭವಾಗುವ ಹೆಸರು ಎಂದಿಷ್ಟು ತಿಳಿದರೆ ಸಾಕು. ಬಂಗಾಳಿಯಲ್ಲಿ ‘ವ’ ಇಲ್ಲ. ವಿನಯ ಅಲ್ಲಿ ಬಿನೋಯ್ ಆಗುತ್ತಾನೆ, ವಾಸುದೇವ ಬಾಸುದೇಬ್ ಆಗುತ್ತಾನೆ, ವೆಂಕಟ ಭೆಂಕಟ್ ಆಗುತ್ತಾನೆ. ಅದೇನೂ ದೊಡ್ಡ ತೊಂದರೆಯಲ್ಲ, ಮಗು ಹದಿನೈದು ದಿನದಲ್ಲಿ ಒಗ್ಗಿಕೊಳ್ಳುತ್ತದೆ. ನಿಜವಾದ ತೊಂದರೆ ಅರ್ಜಿಯ ನಮೂನೆಯಲ್ಲಿತ್ತು.

ಆ ನಮೂನೆಯಲ್ಲಿ ‘ಉಪನಾಮ’ ಎಂಬ ಒಂದು ಕಲಮು. ಬಂಗಾಳದವರಿಗೆ ಮುಖರ್ಜಿ, ಘೋಷ್, ದಾಸ್ ಎಂದು ‘ಪದವಿ’ ಇರುತ್ತದೆ. ನಮ್ಮ ನಾಡಿನಲ್ಲಿ ಕೆಲವರಿಗೆ ಅಡ್ಡಹೆಸರುಂಟು, ಕೆಲವರಿಗೆ ಇಲ್ಲ. ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಇನಿಷಿಯಲ್ಲಿನಲ್ಲಿಯೇ ಸಾಗಿದೆ, ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ. ಉಪನಾಮವಿಲ್ಲ ಎಂದು ಹೇಳಿ ನಾವು ಆ ಕಲಮನ್ನು ಖಾಲಿ ಬಿಟ್ಟೆವು. ಖಾಲಿ ಕಲಮು ಕಂಡರೆ ಗುಮಾಸ್ತನ ಜೀವಕ್ಕೆ ಸಮಾಧಾನವಿರುವುದಿಲ್ಲ. ಅದೇ ಕಸುಬಿನವರಾದ ನಮಗೆ ಆ ಶಾಲೆಯ ಗುಮಾಸ್ತರ ಮೇಲೆ ಇಂದಿಗೂ ಸಿಟ್ಟಿಲ್ಲ. ಅವರು ಆ ಜಾಗದಲ್ಲಿ ತಂದೆಯ ಹೆಸರನ್ನು, ಎಂದರೆ ನಮ್ಮ ಹೆಸರನ್ನು, ತುಂಬಿದರು. ಕಂಪ್ಯೂಟರು ಉಪನಾಮವನ್ನು ಮೊದಲು ಹಾಕಿ ಹಾಜರಿ ಪಟ್ಟಿ ಅಚ್ಚು ಮಾಡಿಕೊಟ್ಟಿತು. ಟೀಚರು ಪಟ್ಟಿಯ ಮೊದಲ ಪದ ಓದಿ ಕರೆಯತೊಡಗಿದರು.

ಹೀಗಾಗಿ ಪ್ರತಿದಿನ ಬೆಳಿಗ್ಗೆ ತರಗತಿಯಲ್ಲಿ ಕರೆಯುತ್ತಿದ್ದುದು ನಮ್ಮನ್ನು. ಅಪ್ಪನ ಹೆಸರು ಕರೆದರೆ ಮಗ ಏಕೆ ಏಳಬೇಕು? ಅವನು ಅಪ್ಪ ಬಂದಿದ್ದಾನೆಯೋ ಏನೋ ಎಂದು ಬಾಗಿಲ ಕಡೆಗೆ ನೋಡುತ್ತಿದ್ದನಂತೆ. ಇದು ನಮಗೆ ತಿಳಿದದ್ದು ಏಳು ತಿಂಗಳ ಮೇಲೆ.

ಆಮೇಲೆ ತಲೆ ಆಡಿಸುವ ವಿಷಯ. ನಮ್ಮಲ್ಲಿ ‘ಹೂಂ, ಆಗಲಿ’ ಎನ್ನುವುದಕ್ಕೆ ತಲೆಯನ್ನು ಅತ್ತಿತ್ತ ಓಲಾಡಿಸುತ್ತೇವೆ, ಎತ್ತಿನ ಕೊರಳ ಗಂಟೆಯ ಹಾಗೆ. ಅದನ್ನು ಕಂಡು ಬೆಳೆಯದವರಿಗೆ ಅದು ‘ಇಲ್ಲ’ ಎಂದು ಕಾಣುತ್ತದೆ. ‘ಅರ್ಥವಾಯಿತೆ?’ ಎಂದು ಟೀಚರು ಕೇಳಿದರೆ ಹುಡುಗ ಓಲಾಡಿಸುತ್ತಿದ್ದ. ‘ಬರೆದು ತಂದಿದ್ದೀಯಾ?’ ಎಂದರೂ ಓಲಾಡಿಸುತ್ತಿದ್ದ. ಹೆಸರು ಕರೆದರೆ ಏಳುವುದಿಲ್ಲ, ಕೇಳಿದ್ದಕ್ಕೆಲ್ಲ ಇಲ್ಲ ಎನ್ನುತ್ತಾನೆ, ಬಾಯಿ ಬಿಡುವುದಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮನ್ನು ಕರೆಸಿ, ಹುಡುಗನ ಕಿವಿ ಪರೀಕ್ಷೆ ಮಾಡಿಸಿರಿ ಎಂದರು.

ಮಾಡಿಸಿದೆವು. ಎರಡು ದಿನದ ರಜೆ, ಕಿವಿಗೊಂದು ಯಂತ್ರ, ಕಾಗದದ ಮೇಲೊಂದು ನಕ್ಷೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದರಿಂದ ಹರ್ಟ್ಸ್, ಡೆಸಿಬೆಲ್ ಎಂಬ ಹಳೆಯ ಪರಿಚಯದವರನ್ನು ಆ ನಕ್ಷೆಯಲ್ಲಿ ಗುರುತಿಸಿದೆವು. ಕಿವಿ ಎರಡೂ ಚೊಕ್ಕವಾಗಿದ್ದವು. ಆ ಕಾಗದವನ್ನು ಶಾಲೆಗೆ ಒಯ್ದು ಕೊಟ್ಟಾಗ, ಹಾಗಾದರೆ ಬುದ್ಧಿಯ ಬೆಳವಣಿಗೆಯೇ ನಿಧಾನವಿರಬೇಕು, ಅಂಥ ಮಕ್ಕಳಿಗಾಗಿಯೇ ಇರುವ ಶಾಲೆ ನೋಡಿಕೊಳ್ಳುವುದು ಒಳ್ಳೆಯದು ಎಂಬ ಸಲಹೆ ಬಂತು. ಒರಟಾಗಿ ಹೇಳಲಿಲ್ಲ, ಚಹಾ ಕೊಟ್ಟು ಹೇಳಿದರು. ಅಂದು ರಾತ್ರಿ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ತಾಯಿ-ಮಗ ಊರಿಗೆ ಹೋಗಿ ಅಜ್ಜನ ಮನೆಯಲ್ಲಿದ್ದು ಅಲ್ಲಿಯ ಕನ್ನಡ ಸಾಲಿಗೆ ಹೋಗುವುದು, ನಾವೊಬ್ಬರೇ ಇಲ್ಲಿ ಕೋಣೆ ಹಿಡಿದುಕೊಂಡಿರುವುದು ಎಂದು ಮಾತಾಯಿತು. ಹಾವೇರಿಗೆ ಟಿಕೇಟನ್ನೂ ನೋಡಿಟ್ಟಿದ್ದೆವು. ಪೂಜೆಯ ರಜೆಗೆ ಹೇಗೂ ಹೋಗುವುದಿತ್ತು, ಬರುವಾಗ ಒಬ್ಬರೇ ಬಂದರಾಯಿತು ಎಂಬ ಲೆಕ್ಕ.

ಟಿಕೇಟು ಕಾದಿರಿಸುವ ಪಟ್ಟಿಯಲ್ಲಿಯೇ ಉಳಿಯಿತು, ಊರಿಗೆ ಹೋಗಲಾಗಲಿಲ್ಲ. ರಜೆ ಮುಗಿದು ಶಾಲೆ ತೆರೆದಾಗ ಆ ತರಗತಿಗೆ ಬೇರೊಬ್ಬ ಟೀಚರು ಬಂದಿದ್ದರು. ಐವತ್ತು ದಾಟಿದ ಬಂಗಾಳಿ ಹೆಂಗಸು. ಇಲ್ಲಿಯ ಮಕ್ಕಳು ಟೀಚರನ್ನು ‘ದಿದಿಮಣಿ’ ಎನ್ನುವ ವಾಡಿಕೆಯುಂಟು, ನಾವೂ ಹಾಗೆಯೇ ಕರೆಯುತ್ತೇವೆ. ಎದ್ದು ನಿಲ್ಲದ ಹುಡುಗನ ಬೆಂಚಿನ ಬಳಿಗೆ ಅವರು ಮೂರನೆಯ ದಿನವೋ ನಾಲ್ಕನೆಯ ದಿನವೋ ಬಂದು ಕುಳಿತು, ‘ಬಾಡಿತೇ ತೋಕೆ ಕೀ ಬೋಲೇ ಡಾಕೇ?’ ಎಂದರಂತೆ. ಮನೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ? ಓಣಿಯ ಮಕ್ಕಳೊಂದಿಗೆ ಆಡಿ ಆಡಿ ಹುಡುಗನಿಗೆ ಅಷ್ಟು ಬಂಗಾಳಿ ಬರುತ್ತಿತ್ತು. ‘ಪುಟ್ಟ’ ಎಂದ.

ಓದುಗರಿಗೆ ಗೊತ್ತಿರುವ ಹಾಗೆ ಬಂಗಾಳಿಗಳಿಗೆ ಎರಡೆರಡು ಹೆಸರು. ಶಾಲೆ-ಕಚೇರಿಗೆ ‘ಭಾಲೋ ನಾಮ್’, ಮನೆಗೆ ‘ಡಾಕ್ ನಾಮ್’. ದೊಡ್ಡ ಅಧಿಕಾರಿಯೂ ಮನೆಯಲ್ಲಿ ಖೋಕಾ, ಬಾಪಿ, ಬುಬಾಯಿ. ಇನ್ನು ‘ಪುಟು’ ಎಂಬುದು ಇಲ್ಲಿ ಬಳಕೆಯಲ್ಲಿರುವ ಡಾಕ್ ನಾಮ್. ದಿದಿಮಣಿಗೆ ‘ಪುಟ್ಟ’ ಕೇಳಿಸಿದ್ದು ‘ಪುಟು’ ಎಂದು. ‘ಅರೆ, ನನ್ನ ತಮ್ಮನೂ ಪುಟುವೇ’ ಎಂದರಂತೆ. ಹುಡುಗ ನಕ್ಕನಂತೆ. ಅಂದು ಸಂಜೆ ಅವನು ಮನೆಗೆ ಬಂದು ಹೇಳಿದ ಮೊದಲ ಮಾತು, ‘ಅವ್ವಾ, ನನ್ನ ಹೆಸರು ಅವರಿಗೂ ಗೊತ್ತೈತಿ.’

ಮರುವಾರ ಅವರು ನಮ್ಮನ್ನು ಕರೆಸಿದರು. ಮತ್ತೆ ಏನು ಕಾದಿದೆಯೋ ಎಂದು ಹೋದೆವು. ಅವರ ಪ್ರಶ್ನೆಗಳು ಬೇರೆಯೇ ಇದ್ದವು. ಈ ಮೊದಲ ಪದ ಯಾರ ಹೆಸರು? ನಿಮ್ಮಲ್ಲಿ ತಂದೆಯ ಹೆಸರು ಹಿಡಿದು ಮಗನನ್ನು ಕರೆಯುತ್ತಾರೆಯೆ? ತಲೆ ಹೀಗೆ ಆಡಿಸಿದರೆ ಏನರ್ಥ? ಮನೆಯಲ್ಲಿ ಹಿರಿಯರು ಮಾತಾಡುವಾಗ ಮಕ್ಕಳು ನಡುವೆ ಬಾಯಿ ಹಾಕಬಹುದೆ? ಅರ್ಧ ಗಂಟೆ ಕೇಳಿದರು, ಸಣ್ಣದೊಂದು ಪುಸ್ತಕದಲ್ಲಿ ಬರೆದುಕೊಂಡರು. ಶಾಲೆಯ ದಾಖಲೆಯಲ್ಲಿ ಹೆಸರು ತಿದ್ದಬೇಕಾದರೆ ಅಫಿಡವಿಟ್ಟು, ಅರ್ಜಿ, ಮೇಲಿನವರ ರುಜು ಎಲ್ಲ ಬೇಕು ಎಂಬುದು ನಮಗೂ ಗೊತ್ತು, ಅವರಿಗೂ ಗೊತ್ತು. ಅವರು ಹಾಜರಿ ಪುಸ್ತಕದಲ್ಲಿ ಅಚ್ಚಾದ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಬಂಗಾಳಿ ಲಿಪಿಯಲ್ಲಿ ‘ಪುಟು’ ಎಂದು ಬರೆದುಕೊಂಡರು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಅನಧಿಕೃತ ತಿದ್ದುಪಡಿ. ಬೇರೆ ಶಾಲೆಯ ಮಾತು ಆಮೇಲೆ ಬರಲಿಲ್ಲ. ಹುಡುಗ ಮೊದಲ ಸ್ಥಾನಕ್ಕೇನೂ ಏರಲಿಲ್ಲ. ಮೂವತ್ತೆಂಟು ಮಕ್ಕಳಲ್ಲಿ ಹದಿನೇಳನೆಯವನಾಗಿ, ಗಣಿತದಲ್ಲಿ ಸ್ವಲ್ಪ ಮುಂದೆ, ಬಂಗಾಳಿಯಲ್ಲಿ ಸ್ವಲ್ಪ ಹಿಂದೆ, ಎಲ್ಲರ ಹಾಗೆ ಮೂರನೆಯ ತರಗತಿಗೆ ಹೋದ. ನಮಗೆ ಬೇಕಾಗಿದ್ದುದೂ ಅಷ್ಟೇ.

ದಿದಿಮಣಿ ಇದನ್ನೆಲ್ಲ ಯಾವ ತರಬೇತಿಯಲ್ಲಿ ಕಲಿತರೋ ತಿಳಿಯದು, ಕಲಿಯದೆಯೂ ಇರಬಹುದು. ಆದರೆ ಮಗು ತರಗತಿಯಲ್ಲಿ ಸುಮ್ಮನಿರುವುದಕ್ಕೆ ಮನೆಯ ಕಟ್ಟಳೆಯೂ ಕಾರಣವಾಗಬಹುದು ಎಂಬುದನ್ನು ಪಂಡಿತರೂ ಕಂಡುಕೊಂಡಿದ್ದಾರೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿ ಅಲ್ಲಿಯ ಮೂಲನಿವಾಸಿಗಳ ಮಕ್ಕಳು ಶಾಲೆಯಲ್ಲಿ ಬಾಯಿ ಬಿಡುವುದಿಲ್ಲವೆಂಬ ದೂರಿತ್ತು. ಸೂಸನ್ ಫಿಲಿಪ್ಸ್ ಎಂಬ ವಿದುಷಿ 1972ರಲ್ಲಿ ಇದರ ಮೇಲೆ ಲೇಖನ ಬರೆದರು. ಆ ಮಕ್ಕಳು ಮನೆಯಲ್ಲಿ ದೊಡ್ಡವರ ಕೆಲಸ ನೋಡಿ ನೋಡಿ, ಒಳಗೊಳಗೇ ಪಳಗಿ, ಕೈ ಹತ್ತಿದ ಮೇಲೆಯೇ ಮಾಡಿ ತೋರಿಸುವವರು. ಎಲ್ಲರೆದುರು ಒಬ್ಬನನ್ನೇ ನಿಲ್ಲಿಸಿ ಉತ್ತರ ಹೇಳು ಎಂದರೆ ಅವರಿಗೆ ಅದು ಕಲಿಕೆಯೇ ಅಲ್ಲ. ಅವೇ ಮಕ್ಕಳು ತಮ್ಮತಮ್ಮೊಳಗೆ ಗುಂಪು ಕಟ್ಟಿಕೊಂಡು ಮಾಡುವ ಕೆಲಸದಲ್ಲಿ ಚುರುಕಾಗಿರುತ್ತಿದ್ದರು. ಹವಾಯಿ ದ್ವೀಪದಲ್ಲಿ ಇದರ ತದ್ವಿರುದ್ಧ. ಅಲ್ಲಿಯ ಮನೆಗಳಲ್ಲಿ ಒಂದು ಕಥೆಯನ್ನು ನಾಲ್ವರು ಒಟ್ಟಿಗೆ, ಒಬ್ಬರ ಮಾತಿನ ಮೇಲೊಬ್ಬರು ಹಾಯ್ದು ಹೇಳುವುದು ರೂಢಿ. ಹೊನೊಲುಲುವಿನಲ್ಲಿ 1970ರ ದಶಕದಲ್ಲಿ ನಡೆದ ಪ್ರಯೋಗವೊಂದರಲ್ಲಿ ಓದಿನ ಪಾಠವನ್ನು ಹಾಗೆಯೇ ನಡೆಸಲು ಬಿಟ್ಟಾಗ ಮಕ್ಕಳ ಓದು ಸುಧಾರಿಸಿತು. ಇದನ್ನು ಓದಿದಾಗ ನಮಗೆ ನಮ್ಮ ಕಚೇರಿಯ ಮಧ್ಯಾಹ್ನದ ಅಡ್ಡಾ ನೆನಪಾಯಿತು. ಫುಟ್‌ಬಾಲಿನ ಬಗ್ಗೆ ಐವರು ಬಂಗಾಳಿಗಳು ಏಕಕಾಲಕ್ಕೆ ಮಾತಾಡುವಾಗ ಕೇಳುವವರು ಯಾರು ಎಂದು ನಮಗೆ ಮೊದಮೊದಲು ಆಶ್ಚರ್ಯವಾಗುತ್ತಿತ್ತು. ಕೇಳುವವರೂ ಅವರೇ. ಅಂಥ ಮನೆಗಳಿಂದ ಬಂದ ಮಕ್ಕಳ ನಡುವೆ ‘ದೊಡ್ಡವರು ಮಾತಾಡುವಾಗ ಸುಮ್ಮನಿರು’ ಎಂದು ಕಲಿತ ಹುಡುಗ ಮಂದನಾಗಿ ಕಾಣುವುದು ಸಹಜ.

ಇಲ್ಲೊಂದು ಮಾತು ಹೇಳಲೇಬೇಕು. ಸಂಸ್ಕೃತಿಯ ಪರಿಚಯವೆಂದರೆ ವಾರ್ಷಿಕೋತ್ಸವದ ವೇಷ ಎಂದು ಅನೇಕ ಶಾಲೆಗಳು ತಿಳಿದಂತಿದೆ. ‘ವಿವಿಧತೆಯಲ್ಲಿ ಏಕತೆ’ ಎಂಬ ಒಂದು ಕಾರ್ಯಕ್ರಮ ಪ್ರತಿವರ್ಷ ತಪ್ಪದು. ನಮ್ಮ ಮಗನಿಗೆ ಬಿಳಿಯ ಲುಂಗಿ ಉಡಿಸಿ, ಹಣೆಗೆ ಮೂರು ಪಟ್ಟೆ ಬಳಿದು, ಕೈಯಲ್ಲಿ ಇಡ್ಲಿಯ ತಟ್ಟೆ ಕೊಟ್ಟು ‘ಮದ್ರಾಜಿ’ ಎಂದು ವೇದಿಕೆಯ ಮೇಲೆ ನಿಲ್ಲಿಸಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯೆ ಉಂಡು ಬೆಳೆದ ಹಾವೇರಿಯ ಹುಡುಗ ಅಂದು ಚಪ್ಪಾಳೆಯನ್ನೇನೋ ಗಿಟ್ಟಿಸಿದ. ಇಂಥ ಹತ್ತು ವೇಷಕ್ಕಿಂತ ಬೆಂಚಿನ ಮೇಲೆ ಕುಳಿತು ಕೇಳಿದ ಒಂದು ಪ್ರಶ್ನೆಯ ತೂಕ ಹೆಚ್ಚೆಂದು ನಮ್ಮ ಅಭಿಪ್ರಾಯ.

ಬಂಗಾಳಿ ಗುರುವಿನ ಎದುರು ಕುಳಿತ ಕನ್ನಡ ವಿದ್ಯಾರ್ಥಿಗಳಲ್ಲಿ ನಮ್ಮ ಮಗನೇ ಮೊದಲಿಗನಲ್ಲ. ಮೈಸೂರಿನ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು ಅರಮನೆಯ ಸಹಾಯದಿಂದ 1909ರಲ್ಲಿ ಇಲ್ಲಿಗೆ ಬಂದು, ಚೌರಂಗಿಯ ಸರಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ ಬಸು ಅವರ ಸಹಪಾಠಿ. ಅವನೀಂದ್ರನಾಥರು ಮಾದರಿಯನ್ನು ಮುಂದಿಟ್ಟು ನಕಲು ಮಾಡಿಸುವ ಮೇಷ್ಟ್ರಲ್ಲ. ರಾಮಾಯಣ, ಮಹಾಭಾರತ, ಪುರಾಣಗಳ ಕಡೆಗೆ ಶಿಷ್ಯರ ಮನಸ್ಸು ತಿರುಗಿಸಿ, ಅವರವರ ಕೈ ಅವರವರ ದಾರಿ ಹಿಡಿಯಲು ಬಿಡುತ್ತಿದ್ದರು. ಗುರುವಿನ ಮನೆಮಾತು ಬಂಗಾಳಿ, ಶಿಷ್ಯನದು ಕನ್ನಡ, ಆದರೆ ರಾಮಾಯಣ ಇಬ್ಬರ ಮನೆಯಲ್ಲೂ ಇತ್ತು. ಸೋದರಿ ನಿವೇದಿತಾ ಆರಂಭಿಸಿ, ಅವರು ತೀರಿದ ಮೇಲೆ ಆನಂದ ಕುಮಾರಸ್ವಾಮಿಯವರು ಮುಗಿಸಿದ ಹಿಂದೂ-ಬೌದ್ಧ ಪುರಾಣಕಥೆಗಳ ಪುಸ್ತಕ 1913ರಲ್ಲಿ ಹೊರಬಂದಾಗ ಅದರಲ್ಲಿ ವೆಂಕಟಪ್ಪನವರ ರಾಮಾಯಣದ ಚಿತ್ರಗಳಿದ್ದವು. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ನೋಡದವರು ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿರಿ.

ಇದಾದ ಕೆಲವೇ ವರ್ಷಗಳಲ್ಲಿ ಮೈಸೂರಿಗೂ ಕಲಕತ್ತೆಗೂ ಗುರುಗಳ ಅದಲುಬದಲೂ ನಡೆಯಿತು. ಕಲಕತ್ತೆಯ ತತ್ವಶಾಸ್ತ್ರದ ಪೀಠದಿಂದ ಬ್ರಜೇಂದ್ರನಾಥ ಸೀಲರು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ಹೋದರು. ತೆರವಾದ ಆ ಪೀಠಕ್ಕೆ 1921ರಲ್ಲಿ ಮೈಸೂರಿನಿಂದ ಬಂದವರು ಎಸ್. ರಾಧಾಕೃಷ್ಣನ್. ಮೈಸೂರಿನಿಂದ ಹೊರಟ ದಿನ ವಿದ್ಯಾರ್ಥಿಗಳು ಅವರ ಗಾಡಿಗೆ ಹೂ ಕಟ್ಟಿ, ಕುದುರೆ ಬಿಚ್ಚಿ, ತಾವೇ ರೈಲು ನಿಲ್ದಾಣದವರೆಗೆ ಎಳೆದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಎಳೆದವರು ಕನ್ನಡದ ಹುಡುಗರು, ಕುಳಿತವರು ತೆಲುಗು ಮನೆಮಾತಿನವರು, ಪಾಠ ನಡೆದದ್ದು ಇಂಗ್ಲಿಷಿನಲ್ಲಿ. ಅವರ ಹುಟ್ಟಿದ ದಿನವೇ 1962ರಿಂದ ಶಿಕ್ಷಕರ ದಿನ.

ಇನ್ನೊಂದು ಪ್ರಸಂಗ ನಮಗೆ ಇದಕ್ಕಿಂತಲೂ ಪ್ರಿಯ. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಮೈಸೂರಿಗೆ ಬಂದಿದ್ದಾಗ, ಹುಡುಗ ಪುಟ್ಟಪ್ಪ ತಾನು ಬರೆದ ಇಂಗ್ಲಿಷ್ ಕವಿತೆಗಳನ್ನು ಹಿಡಿದುಕೊಂಡು ಅವರ ಬಳಿಗೆ ಹೋದರು. ಕಸಿನ್ಸರು ಓದಿ ನೋಡಿ, ನಿನ್ನ ಭಾಷೆಯಲ್ಲಿ ಏನು ಬರೆದಿದ್ದೀಯೆ ಎಂಬರ್ಥದ ಮಾತು ಕೇಳಿದರು, ಕನ್ನಡದಲ್ಲಿ ಬರೆಯಲು ಹೇಳಿದರು. ಹುಡುಗನಿಗೆ ಆಗ ಅದು ಹಿಡಿಸಲಿಲ್ಲವೆಂದು ಮುಂದೆ ಕುವೆಂಪು ಅವರೇ ನೆನಪಿಸಿಕೊಂಡಿದ್ದಾರೆ. ಕಸಿನ್ಸರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಇಂಗ್ಲಿಷಿನ ಕೆಳಗೆ ತನ್ನ ನಾಡಿನ ಹಳೆಯ ಭಾಷೆ ಮರೆಯಾಗುತ್ತ ಬಂದದ್ದನ್ನು ಕಂಡಿದ್ದ ನಾಡಿನವರು ಅವರು. ಎದುರಿಗಿದ್ದ ಹುಡುಗನ ಬೆನ್ನ ಹಿಂದೆಯೂ ಒಂದು ಭಾಷೆ ನಿಂತಿದೆ ಎಂದು ಅವರಿಗೆ ತೋರಿದ್ದು ಅದರಿಂದಲೇ ಇದ್ದೀತು.

ಇಷ್ಟು ಹೇಳಿದ ಮೇಲೆ, ಉಪಾಧ್ಯಾಯರ ಒಳ್ಳೆಯ ಮನಸ್ಸೊಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ಹೇಳುತ್ತಿದ್ದೇವೆಂದು ಯಾರಾದರೂ ತಿಳಿದಾರು. ಹಾಗಲ್ಲ. ಕಾಸರಗೋಡಿನ ಕಡೆಗೊಮ್ಮೆ ನೋಡಬೇಕು. 1956ರ ನವೆಂಬರ್ 1ರಂದು ಆ ನಾಡು ಕೇರಳಕ್ಕೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿ ಮೇಷ್ಟ್ರಾಗಿ ಪಾಠ ಹೇಳಿದ ನೆಲ ಅದು. ಅಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳಿಗೆ ಕನ್ನಡ ಬಾರದ ಉಪಾಧ್ಯಾಯರ ನೇಮಕವಾಯಿತೆಂದು ಪಾಲಕರೂ ಮಕ್ಕಳೂ ಶಾಲೆಯ ಮುಂದೆ ಕುಳಿತು ಪ್ರತಿಭಟಿಸಿದ ಸುದ್ದಿಗಳನ್ನು ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. 2018ರಲ್ಲಿ ಬಂದ, ಕಾಸರಗೋಡಿನ ಸರಕಾರಿ ಶಾಲೆಯ ಹೆಸರನ್ನೇ ಹೊತ್ತ ಕನ್ನಡ ಚಲನಚಿತ್ರವನ್ನು ನಾವೆಲ್ಲ ನೋಡಿ ನಕ್ಕೆವು. ನಗುವಿನ ಅಡಿಯಲ್ಲಿದ್ದ ಸಂಗತಿ ನಗುವಂಥದಲ್ಲ. ನಮ್ಮ ಮಗು ಕಲಕತ್ತೆಯಲ್ಲಿ ಪರದೇಶಿ, ಹೊಟ್ಟೆಪಾಡಿಗೆ ಬಂದವರ ಮಗು, ಇಲ್ಲಿಯ ಭಾಷೆ ಅದು ಕಲಿಯಲೇಬೇಕು. ಅಲ್ಲಿಯ ಮಗು ತನ್ನ ಅಜ್ಜನ ಊರಿನಲ್ಲಿ, ತನ್ನ ಮನೆಯಿಂದ ಕೂಗಳತೆಯ ಶಾಲೆಯಲ್ಲಿ ಕುಳಿತು ಲೆಕ್ಕ ಅರ್ಥವಾಗದೆ ಪರದಾಡಬೇಕೆ? ಬಂದ ಉಪಾಧ್ಯಾಯರು ಎಷ್ಟೇ ಸಜ್ಜನರಿರಲಿ, ಭಿನ್ನರಾಶಿಯನ್ನು ಮುಗುಳ್ನಗೆಯಿಂದ ಕಲಿಸಲಾಗುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡಲು ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ಸೇರಿದ್ದೂ 1956ರಲ್ಲಿಯೇ.

ನಮ್ಮ ಊರಿಗೆ, ಎಂದರೆ ಕಲಕತ್ತೆಗೆ, ಮರಳೋಣ. ಉಪಾಧ್ಯಾಯರು ನಮ್ಮನ್ನು ತಿಳಿಯಬೇಕು ಎನ್ನುವ ನಾವು ಅವರನ್ನು ತಿಳಿಯಬೇಡವೆ? ನಮ್ಮವರ ಎಷ್ಟೋ ಮನೆಗಳಲ್ಲಿ ಮಗುವಿನ ಎದುರೇ ಮೀನಿನ ವಾಸನೆಯ ಮಾತು, ಬಂಗಾಳಿಗಳು ಹಾಗೆ-ಹೀಗೆ ಎಂಬ ಮಾತು ಧಾರಾಳವಾಗಿ ನಡೆಯುತ್ತದೆ. ಅದೇ ಮಗು ಮರುದಿನ ಅದೇ ಬಂಗಾಳಿ ಟೀಚರ ಮುಂದೆ ಕೈಕಟ್ಟಿ ಕೂಡಬೇಕು. ಟೀಚರು ಮಗುವನ್ನು ‘ತುಯಿ’ ಎಂದರೆಂದು ಸಿಟ್ಟಾಗಿ ನಮ್ಮಲ್ಲಿ ದೂರು ಹೇಳಿದ ಗೆಳೆಯರೊಬ್ಬರಿದ್ದಾರೆ. ನಮಗೆ ‘ನೀನು’, ‘ನೀವು’ ಎರಡೇ. ಬಂಗಾಳಿಗೆ ಆಪನಿ, ತುಮಿ, ತುಯಿ ಎಂದು ಮೂರು ಮೆಟ್ಟಿಲು. ಕೊನೆಯ ಮೆಟ್ಟಿಲು ಜಗಳದ್ದೂ ಹೌದು, ಜೀವದ ಗೆಳೆತನದ್ದೂ ಹೌದು, ತಾಯಿ ಮಗುವಿಗೆ ಅನ್ನುವುದೂ ಹೌದು. ದಿದಿಮಣಿ ನಮ್ಮ ಮಗನನ್ನು ಬೆಂಚಿನ ಮೇಲೆ ಕೇಳಿದ ಪ್ರಶ್ನೆಯಲ್ಲಿದ್ದುದೂ ‘ತುಯಿ’ಯೇ. ಮನೆ ಬಿಟ್ಟು ಹೊರಡುವಾಗ ನಾವು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತೇವೆ. ಅವರೂ ‘ಆಶ್ಚಿ’, ಬರುತ್ತಿದ್ದೇನೆ, ಎಂದೇ ಹೊರಡುತ್ತಾರೆ. ನಮ್ಮಲ್ಲಿ ನವರಾತ್ರಿಯಲ್ಲಿ ಪುಸ್ತಕಗಳನ್ನು ಸರಸ್ವತಿಯ ಮುಂದಿಟ್ಟರೆ ತೆಗೆಯುವವರೆಗೆ ಓದುವಂತಿಲ್ಲ. ಇವರಲ್ಲಿ ಅದು ಮಾಘದ ವಸಂತ ಪಂಚಮಿಯಂದು. ಅಂದು ಪುಸ್ತಕ ಮುಟ್ಟದ ಆನಂದ ಎರಡೂ ನಾಡಿನ ಮಕ್ಕಳಿಗೆ ಒಂದೇ. ಆ ಪೂಜೆಯಾಗುವವರೆಗೆ ಮಕ್ಕಳು ಬೋರೆಹಣ್ಣು ತಿನ್ನಬಾರದೆಂಬುದು ಮಾತ್ರ ಇವರದೇ ಕಟ್ಟಳೆ. ಅದನ್ನು ತಿಳಿಯದೆ ಜನವರಿಯಲ್ಲಿ ಡಬ್ಬಿಗೆ ಬೋರೆಹಣ್ಣು ಹಾಕಿ ಕಳಿಸಿದರೆ ಇಡೀ ತರಗತಿ ಮಗುವನ್ನು ಬಿಟ್ಟ ಕಣ್ಣು ಬಿಟ್ಟು ನೋಡುತ್ತದೆ.

ಮರುವರ್ಷದ ದಸರೆಯಲ್ಲಿ ಆದದ್ದನ್ನು ಹೇಳುತ್ತೇವೆ. ಇಲ್ಲಿ ದಶಮಿಯಂದು ದುರ್ಗೆಯ ವಿಸರ್ಜನೆಯಾದ ಮೇಲೆ ಕಿರಿಯರು ಹಿರಿಯರ ಕಾಲಿಗೆ ನಮಸ್ಕರಿಸಿ ಸಿಹಿ ತಿನ್ನುವುದುಂಟು. ಈ ಬಿಜಯಾ ನಮಸ್ಕಾರ ಕಾಳಿಪೂಜೆಯವರೆಗೂ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು ಗುರುಗಳ ಮನೆಗೆ ಹೋಗುವುದು ಈಗೇನೋ ಕಡಿಮೆಯಾಗಿದೆ, ಆದರೂ ನಿಂತಿಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಅದೇ ದಿನ ಸಂಜೆ ಬನ್ನಿ ಕೊಟ್ಟು, ಬಂಗಾರದ ಹಾಗೆ ಇರೋಣವೆಂದು ಹೇಳಿ, ಹಿರಿಯರ ಕಾಲಿಗೆ ಬೀಳುತ್ತೇವೆ. ದಿನ ಒಂದೇ, ಬಾಗುವ ಬೆನ್ನೂ ಒಂದೇ. ದಿದಿಮಣಿಯ ಮನೆಗೆ ಹೋಗಬೇಕು, ಬನ್ನಿ ಒಯ್ಯಬೇಕು ಎಂದು ಹುಡುಗ ಹಠ ಹಿಡಿದ. ನಾವಿದ್ದ ಬಡಾವಣೆಯಲ್ಲಿ ಬನ್ನಿ ಎಲ್ಲಿಯದು? ಮಹಾರಾಷ್ಟ್ರದವರು ಇದಕ್ಕೆ ಆಪಟೆಯ ಎಲೆ ಬಳಸುತ್ತಾರೆ, ಮಧ್ಯೆ ಸೀಳಿದ ಜೋಡಿ ಎಲೆ. ಅದರ ಹತ್ತಿರದ ಬಳಗದ ಮರವೊಂದು ನಮ್ಮ ಬೀದಿಯಲ್ಲಿಯೇ ಇತ್ತು. ಎಲೆ ಅದೇ ಆಕಾರ, ಹೂವು ಕೆನ್ನೀಲಿ. ಬಂಗಾಳಿಯಲ್ಲಿ ಅದರ ಹೆಸರು ಕೇಳಿದೆವು. ಕಾಂಚನ ಎಂದರು. ಬಂಗಾರವೇ!

ದಿದಿಮಣಿ ಎಲೆಯನ್ನು ಕಣ್ಣಿಗೊತ್ತಿಕೊಂಡು ಪುಸ್ತಕವೊಂದರ ನಡುವೆ ಇಟ್ಟರು. ನಮಗೆ ತೆಂಗಿನಕಾಯಿ ಬೆಲ್ಲದ ಉಂಡೆ ಕೊಟ್ಟರು. ಅವರ ತಮ್ಮ, ಆ ಇನ್ನೊಬ್ಬ ಪುಟು, ಅಂದು ಅಲ್ಲಿಯೇ ಇದ್ದರು. ಬೋಳುತಲೆಯ, ನಿವೃತ್ತಿಗೆ ಹತ್ತಿರವಾದ ಗೃಹಸ್ಥರು. ಇಬ್ಬರು ಪುಟುಗಳೂ ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನು ನಮ್ಮ ಮನೆಯವರು ಇಂದಿಗೂ ಹೇಳಿ ನಗುತ್ತಾರೆ.

ಹೊಸದಾಗಿ ಬರುವ ನಮ್ಮವರಿಗೆ ನಾವೀಗ ಒಂದು ಕೆಲಸ ಹೇಳುತ್ತೇವೆ. ಮಗುವನ್ನು ಶಾಲೆಗೆ ಸೇರಿಸಿದ ವಾರದಲ್ಲಿಯೇ ತರಗತಿಯ ಟೀಚರಿಗೆ ಒಂದು ಹಾಳೆ ಬರೆದುಕೊಡಿ. ಮಗುವನ್ನು ಯಾವ ಹೆಸರಿನಿಂದ ಕರೆಯಬೇಕು, ಇನಿಷಿಯಲ್ಲು ಯಾರದು, ಮನೆಯಲ್ಲಿ ಆಡುವ ಮಾತು ಯಾವುದು, ಏನು ತಿನ್ನುತ್ತದೆ, ಏನು ತಿನ್ನುವುದಿಲ್ಲ, ಯುಗಾದಿಯಂದು ಇಲ್ಲಿ ರಜೆಯಿಲ್ಲದಿದ್ದರೂ ಅಂದು ಏಕೆ ಬರುವುದಿಲ್ಲ, ತಲೆ ಹೀಗೆ ಆಡಿಸಿದರೆ ಹೌದೆಂದು ಅರ್ಥ. ಒಂದು ಪುಟ ಸಾಕು, ಹೆಚ್ಚಾದರೆ ಯಾರೂ ಓದುವುದಿಲ್ಲ. ಕಚೇರಿಯಲ್ಲಿ ಇಪ್ಪತ್ತು ವರ್ಷದ ಟಿಪ್ಪಣಿ ಬರೆದ ಅನುಭವದಿಂದ ಈ ಮಾತು. ಹೀಗೆ ಕೊಟ್ಟ ಹಾಳೆಯನ್ನು ಕೆಲವು ಟೀಚರುಗಳು ಬದಿಗಿಟ್ಟಿದ್ದಾರೆ. ಕೆಲವರು ಫೋನು ಮಾಡಿ ಇನ್ನಷ್ಟು ಕೇಳಿದ್ದಾರೆ.

ಭಾನುವಾರ ನಾವು ನಾಲ್ಕಾರು ಮನೆಯವರು ಸೇರಿ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇವೆ. ಅಲ್ಲಿ ಮೇಷ್ಟ್ರು ನಾವೇ ಆಗುವುದರಿಂದ ಪರೀಕ್ಷೆಯೂ ನಮ್ಮದೇ. ಬಂದ ಹನ್ನೊಂದು ಮಕ್ಕಳಲ್ಲಿ ಮೂವರ ಮನೆಮಾತು ತುಳು, ಒಬ್ಬಳದು ಕೊಂಕಣಿ, ಬೀದರಿನ ಕಡೆಯ ಇಬ್ಬರದು ದಖನಿ ಉರ್ದು. ಒಬ್ಬ ಹುಡುಗಿಯ ತಂದೆ ಬಂಗಾಳಿ, ತಾಯಿ ಶಿವಮೊಗ್ಗದವರು. ಬಂಗಾಳಿಯಲ್ಲಿ ನೀರನ್ನೂ ‘ತಿನ್ನು’ವುದರಿಂದ ಆಕೆ ‘ನಾನು ನೀರು ತಿಂತೀನಿ’ ಎನ್ನುತ್ತಾಳೆ. ಉಳಿದ ಮಕ್ಕಳು ನಗುತ್ತಾರೆ. ‘ಕುಡೀತೀನಿ ಅನ್ನು’ ಎಂದು ತಿದ್ದುವ ಮೊದಲು, ಬಂಗಾಳಿಯಲ್ಲಿ ಏಕೆ ಹಾಗೆನ್ನುತ್ತಾರೆಂದು ಅವಳಿಂದಲೇ ಎಲ್ಲರಿಗೂ ಹೇಳಿಸಿದೆವು. ನಗು ನಿಂತಿತು, ಆದರೆ ಈಗ ಹನ್ನೊಂದು ಮಕ್ಕಳೂ ತಮಾಷೆಗೆ ನೀರನ್ನೇ ತಿನ್ನುತ್ತಿದ್ದಾರೆ. ಏನು ಮಾಡುವುದು!

ನಮ್ಮ ಹಾಜರಿ ಪುಸ್ತಕವನ್ನು ನಮ್ಮ ಮಗನೇ ಗೆರೆ ಹೊಡೆದು ಮಾಡಿಕೊಟ್ಟಿದ್ದಾನೆ. ಅದರಲ್ಲಿ ಉಪನಾಮದ ಕಲಮಿಲ್ಲ. ಹೆಸರಿಗೆ ಎರಡು ಕಲಮು, ಒಂದು ಶಾಲೆಯದು, ಒಂದು ಮನೆಯದು. ಕಳೆದ ತಿಂಗಳು ಸೇರಿದ ಇಬ್ಬರು ಮಕ್ಕಳ ಎರಡನೆಯ ಕಲಮು ಇನ್ನೂ ಖಾಲಿ ಇದೆ. ಈ ಭಾನುವಾರ ಕೇಳಿ ಬರೆದುಕೊಳ್ಳಬೇಕು.